ಗುರುತಿಲ್ಲದವರು ಕೊಂಡ ಕೋಠಿ

ಇದನ್ನು ಬರೆಯುವ ಮೊದಲು ನನ್ನ ಮೇಲೆ ನನಗೇ ಇರುವ ಒಂದು ಅನುಮಾನವನ್ನು ಹೇಳಿಬಿಡುತ್ತೇನೆ. ಎದುರುಮನೆಯ ಉಸ್ತಾದರ ಅಂಗಡಿಯ ಪದ್ಧತಿಯನ್ನು ನಾನು ಚಿಕ್ಕಂದಿನಿಂದ ಕಂಡಿದ್ದೆನೋ, ಇಲ್ಲ ತರಗತಿಯಲ್ಲಿ ಪೂರ್ವ ಏಷ್ಯಾದ ಪಾಠ ಮಾಡುತ್ತ ಮಾಡುತ್ತ ಕಂಡೆನೆಂದು ನಂಬಿಕೊಂಡೆನೋ, ಖಚಿತವಾಗಿ ಹೇಳಲಾರೆ. ವರ್ಷಗಟ್ಟಲೆ ಒಂದೇ ಪಾಠ ಹೇಳಿದವರಿಗೆ ಲೋಕವೆಲ್ಲ ಆ ಪಾಠದ ಉದಾಹರಣೆಯಂತೆ ಕಾಣತೊಡಗುತ್ತದೆ. ದಿನಚರಿ ಬರೆಯುವ ಅಭ್ಯಾಸವಿದೆ ನಿಜ. ಆದರೆ ಅದನ್ನು ಬರೆದವಳೂ ನಾನೇ.

ನನ್ನ ಮನೆ ಬಸವಕಲ್ಯಾಣದಲ್ಲಿ, ಕೆಲಸ ಹುಮನಾಬಾದಿನ ಒಂದು ಪದವಿ ಕಾಲೇಜಿನಲ್ಲಿ. ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಬಂದವಳು ಅಂದಿನಿಂದ ಸಮಗ್ರ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ: ಒಂದು ದೇಶ ಒಟ್ಟಾರೆ ಎಷ್ಟು ದುಡಿಯುತ್ತದೆ, ಎಷ್ಟು ತಿನ್ನುತ್ತದೆ, ಎಷ್ಟು ಉಳಿಸುತ್ತದೆ, ಉಳಿಸಿದ್ದನ್ನು ಏನು ಮಾಡುತ್ತದೆ. ದಿನವೂ ಹೆದ್ದಾರಿಯ ಬಸ್ಸು. ಬಸ್ಸಿಗೆ ಹೊರಡುವಾಗ ಉಸ್ತಾದರ ಅಂಗಡಿಯನ್ನು ದಾಟಿಯೇ ಹೋಗಬೇಕು.

ಅವರ ಮನೆತನದವರು ತಲೆತಲಾಂತರದಿಂದ ತಗಡಿನ ಕೆಲಸದವರು. ಮದುವೆಯ ಟ್ರಂಕು, ಬಾವಿಯ ಕೊಡ, ಎಲ್ಲಕ್ಕಿಂತ ಹೆಚ್ಚಾಗಿ ಕೋಠಿ. ಆಳೆತ್ತರದ ದುಂಡನೆಯ ತಗಡಿನ ಕಣಜವದು. ಮೇಲೆ ಮುಚ್ಚಳ, ಕೆಳಗೆ ಕಾಳು ಸುರಿಯಲು ಅಂಗೈಯಗಲದ ಬಾಯಿ, ಆ ಬಾಯಿಗೆ ಮೇಲೆ ಕೆಳಗೆ ಸರಿಯುವ ಒಂದು ತಡೆ. ನಮ್ಮ ಕಡೆ ಜೋಳ, ತೊಗರಿ, ಕಡಲೆ ವರ್ಷವಿಡೀ ಅದರಲ್ಲಿಯೇ ಇರುತ್ತವೆ.

ಅಂಗಡಿಯ ಪದ್ಧತಿ ಹೀಗೆ. ಕೆಲಸ ಕಲಿತವರು ಮಾಡಿದ ಮೊದಲ ಕೋಠಿಯನ್ನು ಅವರ ಮನೆಯವರೇ ಕೊಳ್ಳುತ್ತಾರೆ, ಚೆನ್ನಾಗಿರಲಿ ಬಿಡಲಿ. ಎರಡನೆಯದನ್ನು ಓಣಿಯವರು ಕೊಳ್ಳುತ್ತಾರೆ. ಮೂರನೆಯದನ್ನು ಹುಮನಾಬಾದಿನ ವಾರದ ಬಾಜಾರಿಗೆ ಒಯ್ದು, ಗುರುತು ಪರಿಚಯ ಇಲ್ಲದವರಿಗೆ ಮಾರಬೇಕು. ಮಾರಿದರೆ ಕಲಿತವರಿಗೆ ಸ್ವಂತ ಸುತ್ತಿಗೆ ಸಿಗುತ್ತದೆ. ಅಲ್ಲಿಯವರೆಗೆ ಸುತ್ತಿಗೆ ಉಸ್ತಾದರದು. ಬೆಳಿಗ್ಗೆ ಕೇಳಿ ಪಡೆಯಬೇಕು, ಸಂಜೆ ಗೂಟಕ್ಕೆ ತೂಗುಹಾಕಬೇಕು.

ಈಗ ಕಲಿತವಳು ಉಸ್ತಾದರ ಕೊನೆಯ ಮಗಳು. ನನ್ನದೇ ತರಗತಿಯಲ್ಲಿ ಬಿ.ಎ. ಕೊನೆಯ ವರ್ಷ. ಅಣ್ಣ ಗೂಡ್ಸ್ ಆಟೋ ಓಡಿಸುತ್ತಾನೆ. ತಗಡು ಅವನ ಕೈಗೆ ಹತ್ತಲಿಲ್ಲ. ಉಸ್ತಾದರ ಬಲಗೈ ನಡುಗಲು ಶುರುವಾಗಿತ್ತು. ಅಂಗಡಿಯನ್ನು ಬಾಡಿಗೆಗೆ ಕೇಳುತ್ತ ಮೊಬೈಲ್ ಕವರಿನ ವ್ಯಾಪಾರಿಯೊಬ್ಬ ಅಳತೆಯ ಟೇಪು ಹಿಡಿದುಕೊಂಡೇ ಬಂದು ಹೋಗುತ್ತಿದ್ದ.

"ಚಾಚಾ, ತಗಡ ಬಡದು ಬಡದು ನಿಮ್ಮ ಕಿವಿ ಹೋಗ್ಯಾವ. ಇನ್ನ ಆರಾಮ ಕೂಡ್ರಿ" ಎಂದು ಅವನು ಒಮ್ಮೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಹೌದಪಾ, ಕಿವಿ ಹೋಗ್ಯಾವ. ಅದಕ್ಕೇ ನೀ ಹೇಳಿದ್ದು ಕೇಳಸಾಕತ್ತಿಲ್ಲ" ಅಂದರು ಉಸ್ತಾದರು.

ಆದರೆ ಕೇಳಿಸುತ್ತಿತ್ತು. ತೊಗರಿಯ ಕೊಯ್ಲು, ರಾಶಿ ಮುಗಿಯುವವರೆಗೆ ನೋಡುತ್ತೇನೆ, ಅಷ್ಟರಲ್ಲಿ ಮಗಳ ಕೋಠಿ ಹೊರಗೆ ಮಾರಾಟವಾದರೆ ಅಂಗಡಿ ಅವಳದು, ಇಲ್ಲದಿದ್ದರೆ ಬಾಡಿಗೆಗೆ ಎಂದು ಅವರು ಮನೆಯಲ್ಲಿ ಹೇಳಿಯಾಗಿತ್ತು. ಕೋಠಿ ಕೊಳ್ಳುವವರು ಕೊಳ್ಳುವುದು ರಾಶಿಯ ಹೊತ್ತಿನಲ್ಲಿಯೇ. ಆಮೇಲೆ ಯಾರೂ ಕೇಳುವುದಿಲ್ಲ.

ಅದೇ ದಿನಗಳಲ್ಲಿ ತರಗತಿಯಲ್ಲಿ ಪೂರ್ವ ಏಷ್ಯಾ ನಡೆಯುತ್ತಿತ್ತು. ಈ ಪಾಠಕ್ಕೆ ಬಂದಾಗ ನಾನು ಪ್ರತಿ ಸಲವೂ ಪುಸ್ತಕ ಮುಚ್ಚಿಟ್ಟು ಹೇಳುತ್ತೇನೆ. ಯುದ್ಧದಲ್ಲಿ ಸುಟ್ಟುಹೋದ, ಹೇಳಿಕೊಳ್ಳುವಂಥ ಗಣಿಯಿಲ್ಲದ, ಎಣ್ಣೆಯಿಲ್ಲದ ಒಂದು ದೇಶ, ಒಬ್ಬ ಮನುಷ್ಯನ ಆಯುಷ್ಯದೊಳಗೆ ಲೋಕಕ್ಕೆಲ್ಲ ಹಡಗು ಕಟ್ಟಿಕೊಡುತ್ತದೆ. ತಂದೆ ಹಸಿದು ಬೆಳೆದ ಮನೆಯಲ್ಲಿ ಮಗ ಕಂಪ್ಯೂಟರಿನ ಚಿಪ್ ತಯಾರಿಸುತ್ತಾನೆ. ಕಾರಣಗಳನ್ನು ನಾನು ಕಪ್ಪುಹಲಗೆಯ ಮೇಲೆ ಬರೆಯಬಲ್ಲೆ: ಭೂಸುಧಾರಣೆ, ಶಾಲೆ, ಉಳಿತಾಯ, ಹೂಡಿಕೆ, ರಫ್ತು. ಎಲ್ಲ ಬರೆದಾದ ಮೇಲೂ ಹಲಗೆಯ ಮೇಲೆ ಹಿಡಿಯದ ಏನೋ ಉಳಿದಿರುತ್ತದೆ.

ಆ ದೇಶ ಕೊರಿಯಾ. ಕೊರಿಯಾ ಅಂದರೆ ನಮ್ಮ ಹುಡುಗಿಯರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಫೋನಿನಲ್ಲಿ ಅಲ್ಲಿಯ ಸೀರಿಯಲ್ ನೋಡಿ ನೋಡಿ ಅವರಿಗೆ ಅಲ್ಲಿಯ ಅತ್ತೆಯರ ಸ್ವಭಾವವೂ ಗೊತ್ತು.

"ಮೇಡಂ, ಏನ್ ತಿಂದು ಅಷ್ಟು ಹಡಗ ಕಟ್ಟಿದ್ರು ಅವ್ರು?" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ.

ನಾನು ಉತ್ತರಿಸುವ ಮೊದಲೇ ಉಸ್ತಾದರ ಮಗಳು ತಿರುಗಿ ಹೇಳಿದಳು. "ತಿನ್ಲಾರ್ದ ಕಟ್ಟಿದ್ರು. ನಿನ್ನಂಗ ಕ್ಯಾಂಟೀನಿನ್ಯಾಗ ಕುಂತು ಭಜಿ ತಿಂದಿದ್ರ ದೋಣಿನೂ ಆಗ್ತಿದ್ದಿಲ್ಲ."

ಉಳಿತಾಯದ ಬಗ್ಗೆ ಅದಕ್ಕಿಂತ ಹೆಚ್ಚು ನಾನು ಆ ದಿನ ಹೇಳಬೇಕಾಗಲಿಲ್ಲ.

ಹೊರದೇಶದ ಹಣ ಒಮ್ಮೆಲೇ ಓಡಿಹೋಗಿ ಕೊರಿಯಾ ಸಂಕಟಕ್ಕೆ ಸಿಕ್ಕಾಗ ಅಲ್ಲಿಯ ಜನ ಸಾಲುಗಟ್ಟಿ ನಿಂತು ಮನೆಯ ಬಂಗಾರ ತಂದುಕೊಟ್ಟದ್ದನ್ನು ಹೇಳಿದೆ. ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬದ ಉಂಗುರ. ಅದನ್ನು ಕರಗಿಸಿ ಹೊರಗೆ ಮಾರಿ ಡಾಲರ್ ತಂದರು. ಹುಡುಗಿಯೊಬ್ಬಳು ಮೆಲ್ಲಗೆ "ತಾಳಿನೂ ಕೊಟ್ರೇನ್ರಿ?" ಎಂದಳು. ಅವರಲ್ಲಿ ತಾಳಿ ಇಲ್ಲ, ಉಂಗುರವೇ ತಾಳಿ ಎಂದೆ. ಮರುದಿನ ಮನಸ್ಸು ಕೇಳದೆ ಒಂದು ತಿದ್ದುಪಡಿಯನ್ನೂ ಹೇಳಿದೆ: ಅದು ಬರಿಯ ದಾನವಾಗಿರಲಿಲ್ಲ, ಬಹಳ ಜನರಿಗೆ ಅವರ ದೇಶದ ಹಣದಲ್ಲಿ ಬೆಲೆ ಸಿಕ್ಕಿತ್ತು. ಹೇಳಿದ ಮೇಲೂ ಯಾರ ಮುಖದ ಬೆರಗೂ ಕಡಿಮೆಯಾಗಲಿಲ್ಲ. ನನ್ನದೂ ಅಷ್ಟೇ.

ಆಮೇಲೆ ಎಳೆ ಉದ್ಯಮದ ವಿಷಯ ಬಂತು. ಹೊಸ ಕಾರ್ಖಾನೆಯನ್ನು ಸರ್ಕಾರ ಆಮದು ಸುಂಕದ ಬೇಲಿ ಹಾಕಿ ಕಾಯುತ್ತದೆ, ಹೊರಗಿನ ಅಗ್ಗದ ಸರಕು ಒಳಗೆ ಬಂದು ಅದನ್ನು ತುಳಿಯದಿರಲಿ ಎಂದು. ಇಷ್ಟನ್ನು ಬಹಳ ದೇಶಗಳು ಮಾಡಿದವು. ಕೊರಿಯಾದಂಥ ದೇಶಗಳು ಜೊತೆಗೆ ಒಂದು ಷರತ್ತು ಇಟ್ಟವು: ಬೇಲಿಯೊಳಗೆ ಕಾಯುತ್ತೇವೆ, ಅಗ್ಗದ ಸಾಲ ಕೊಡುತ್ತೇವೆ, ಆದರೆ ನಿಮ್ಮ ಸರಕನ್ನು ಹೊರದೇಶದಲ್ಲಿ ಮಾರಿ ತೋರಿಸಬೇಕು. ಒಳಗಿನವರು ವಿಧಿಯಿಲ್ಲದೆ ಕೊಳ್ಳುತ್ತಾರೆ, ಹೊರಗಿನವರಿಗೆ ಆ ದಾಕ್ಷಿಣ್ಯವಿಲ್ಲ. ಇದನ್ನು ಹೇಳುತ್ತಿದ್ದ ಹಾಗೇ ನನಗೆ ಎದುರುಮನೆಯ ಗೂಟ, ಅದಕ್ಕೆ ತೂಗುವ ಸುತ್ತಿಗೆ ಕಣ್ಣ ಮುಂದೆ ಬಂತು. ಕಿಟಕಿಯ ಬಳಿ ಕೂತಿದ್ದ ಉಸ್ತಾದರ ಮಗಳತ್ತ ನೋಡಿದೆ. ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು. ಹಾಗೆಂದು ನನ್ನ ನೆನಪು.

ಅವಳ ಮೊದಲ ಕೋಠಿ ಅವರ ಅಡುಗೆಮನೆಯಲ್ಲಿ ಸ್ವಲ್ಪ ವಾಲಿಕೊಂಡು ನಿಂತಿತ್ತು. ಎರಡನೆಯದನ್ನು ಓಣಿಯ ಪರವಾಗಿ ಕೊಂಡವಳು ನಾನೇ. ತೊಗರಿಬೇಳೆ ತುಂಬಿದೆ. ಕೆಳಗಿನ ಬಾಯಿಯ ತಡೆ ಬಿಗಿ. ಬೇಳೆ ಬೇಕಾದಾಗ ಲಟ್ಟಣಿಗೆಯಿಂದ ನಾಲ್ಕು ಪೆಟ್ಟು ಹಾಕಿ ಸರಿಸುತ್ತಿದ್ದೆ. ಹೇಗಿದೆ ಎಂದು ಅವಳು ಕೇಳಿದಾಗ "ಚೊಲೋ ಅದ" ಎಂದಿದ್ದೆ.

ಮೂರನೆಯ ಕೋಠಿಯ ತಗಡು ಬಂದ ದಿನ ನನ್ನನ್ನು ಕೂಗಿ ಕರೆದಳು. ತಗಡಿನ ಸುರುಳಿಗೆ ನಮಗೆ ಓದಲು ಬಾರದ ಅಕ್ಷರಗಳ ಒಂದು ಚೀಟಿ ಅಂಟಿತ್ತು.

"ಇದು ಕೊರಿಯಾದ್ದಲ್ರಿ ಮೇಡಂ. ಅವರ ಅಕ್ಷರದಾಗ ಗೋಲ್ ಗೋಲ್ ಇರ್ತಾವ. ಚೀನಾದ್ದಿರಬೇಕು."

ಉಸ್ತಾದರು ನಕ್ಕರು. "ಎಲ್ಲಿದಾದ್ರೂ ಇರ್ಲಿ. ದಿಲ್ಲಿಯಾಗ ಯಾರರೆ ಕೆಮ್ಮಿದ್ರ ಇಲ್ಲಿ ನನ್ನ ತಗಡು ನಡಗತದ. ಒಂದ್ಸಲ ಅಗ್ಗ, ಒಂದ್ಸಲ ತುಟ್ಟಿ. ಯಾಕ್ರಿ ಪ್ರೊಫೆಸರ್ ಬಾಯಿ?"

ಆಮದು ಸುಂಕದ ಬಗ್ಗೆ ಹೇಳಿದೆ. ಹೇಳುತ್ತ ಆ ತಗಡಿನ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಒಂದು ಕಾಲಕ್ಕೆ ನಮ್ಮ ಬಳ್ಳಾರಿ ಕಡೆಯ ಅದಿರು ಹಡಗೇರಿ ಪೂರ್ವಕ್ಕೆ ಹೋಗುತ್ತಿತ್ತು. ಈ ತಗಡಿನಲ್ಲಿ ಆ ಕೆಂಪು ಮಣ್ಣಿನ ಒಂದು ಕಣವಾದರೂ ಇದ್ದೀತೇ? ಇರಬಹುದು, ಇರದಿರಬಹುದು, ಲೋಹಕ್ಕೆ ಊರಿನ ನೆನಪಿರುವುದಿಲ್ಲ. ಆದರೂ ಎಲ್ಲಿಯದೋ ಮಣ್ಣು ಸಮುದ್ರ ದಾಟಿ, ಕರಗಿ, ಹಾಳೆಯಂತೆ ತೆಳ್ಳಗಾಗಿ, ಮತ್ತೆ ಸಮುದ್ರ ದಾಟಿ, ಬಸವಕಲ್ಯಾಣದ ಓಣಿಯೊಂದರಲ್ಲಿ ತೊಗರಿ ಕಾಯಲು ಬಂದಿದೆ ಎಂಬುದು ಸುಳ್ಳಲ್ಲ. ಅದನ್ನು ಮುಟ್ಟಿ ನಿಂತಿದ್ದೆ. ಕೆಲಸಕ್ಕೆ ಅಡ್ಡ ನಿಂತಿದ್ದೀರಿ ಎಂದು ಯಾರೂ ಹೇಳದ್ದರಿಂದ ಬಹಳ ಹೊತ್ತು ನಿಂತಿದ್ದೆ.

ಮೂರನೆಯ ಕೋಠಿ ಹುಮನಾಬಾದಿನ ಬಾಜಾರಿಗೆ ಅಣ್ಣನ ಆಟೋದಲ್ಲಿ ಹೋಯಿತು. ಮಧ್ಯಾಹ್ನವಾಗುವುದರೊಳಗೆ ಮಾರಾಟವಾಯಿತು. ಹಳ್ಳಿಯವನೊಬ್ಬ ಬಂದ, ಸುತ್ತ ಒಂದು ಸಲ ನೋಡಿದ, ಹೇಳಿದ ಬೆಲೆ ಕೊಟ್ಟು ಒಯ್ದ. ಸಂಜೆ ಉಸ್ತಾದರು ಅವಳ ಕೈಗೆ ಸುತ್ತಿಗೆ ಕೊಟ್ಟರು. ಓಣಿಯಲ್ಲೆಲ್ಲ ಶಾವಿಗೆಯ ಶಿರಖುರ್ಮಾ ಹಂಚಿದರು.

ಅದಾದ ಮೇಲೆ ಒಂದು ದಿನ ಅವಳು ತರಗತಿಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. "ಮೇಡಂ, ಹೊರಗ ಮಾರೇವಿ ಅಂತ ಕಂಪನಿಯವ್ರು ಹೇಳ್ತಾರ. ಖರೇನ ಹೊರಗಿನವ್ರಿಗೇ ಮಾರ್ಯಾರ ಅಂತ ಸರ್ಕಾರಕ್ಕ ಹ್ಯಾಂಗ ಗೊತ್ತಾಗ್ತದ್ರಿ? ಅವರ ಮಾವನೇ ಆ ದೇಶದಾಗ ಕುಂತು ಕೊಂಡಿದ್ರ?"

ತರಗತಿ ನಕ್ಕಿತು. ನಾನು ಬಂದರಿನ ದಾಖಲೆಗಳ ಬಗ್ಗೆ ಏನೋ ಹೇಳಿದೆ. ಅವಳು ನಗಲಿಲ್ಲ.

ಕಾರಣ ಅಂದು ಸಂಜೆ ಬಸ್ಸಿನಲ್ಲಿ ಗೊತ್ತಾಯಿತು. ಹಿಂದಿನ ದಿನ ಅವಳು ಹುಮನಾಬಾದಿನಲ್ಲಿರುವ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋಗಿದ್ದಳು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ, ಮೇಲೆ ಚಾದರ ಹೊದ್ದುಕೊಂಡು, ಅವಳ ಮೂರನೆಯ ಕೋಠಿ ನಿಂತಿತ್ತು. ಅವಳ ಅಮ್ಮಿಯೇ ತಂಗಿಗೆ ಹೇಳಿ, ಗುರುತಿಲ್ಲದ ಒಬ್ಬನನ್ನು ಬಾಜಾರಿಗೆ ಕಳಿಸಿ ಕೊಳ್ಳಿಸಿದ್ದಳು.

"ನನ್ನ ಕೈಯಿಂದ ಹಾಕಿದ ತಗಡಿನ ಮಡಿಕಿ ನನಗ ಗೊತ್ತಾಗೋದಿಲ್ಲೇನ್ರಿ?" ಎಂದಳು. "ಚಾದರ ತಗದು ನೋಡಿದೆ. ಬಾಯಿ ಹತ್ರ ಒಂದು ಕಲ್ಲ ಇಟ್ಟಿದ್ರು."

"ಕಲ್ಲು ಯಾಕೆ?"

"ಗೊತ್ತಿಲ್ರಿ. ಇಟ್ಟಿದ್ರು."

ನನಗೆ ಗೊತ್ತಿತ್ತು. ನನ್ನ ಲಟ್ಟಣಿಗೆ ನೆನಪಾಯಿತು. ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕಂಡಕ್ಟರ್ ಬಂದ. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ನಾನು ಹೇಳಲಿಲ್ಲ.

ಮನೆಗೆ ಹೋಗಿ ಅವಳು ಸುತ್ತಿಗೆಯನ್ನು ತಂದೆಯ ಮುಂದೆ ಇಟ್ಟಳು. ನಾನು ನಮ್ಮ ಕಟ್ಟೆಯ ಮೇಲೆ ಕೂತು ಕೊತ್ತಂಬರಿ ಸೋಸುತ್ತಿದ್ದೆ. ಮನೆಯೊಳಗೆ ಅವರು ಮಾತಾಡುವುದು ದಖ್ಖನಿ. ಅದನ್ನು ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಹಾಗಾಗಿ ಒಂದೆರಡು ಮಾತು ಆಚೀಚೆ ಆಗಿರಬಹುದು.

"ನನ್ನ ತಂಗಿಗಿ ಕೋಠಿ ಬೇಕಾಗಿತ್ತು, ಕೊಂಡಳು. ರೊಕ್ಕ ಕೊಟ್ಟಾಳ, ಪುಕಟ ಒಯ್ದಿಲ್ಲ. ಇದರಾಗ ಏನ್ ಪಾಪ ಅದ?" ಇದು ಅಮ್ಮಿಯ ದನಿ.

"ಪಾಪನೂ ಇಲ್ಲ" ಎಂದರು ಉಸ್ತಾದರು, "ಮಾರಾಟನೂ ಇಲ್ಲ."

ಸುತ್ತಿಗೆ ಗೂಟಕ್ಕೆ ಹೋಯಿತು. ಉಸ್ತಾದರಿಗೆ ಇದು ಮೊದಲೇ ಗೊತ್ತಿತ್ತೇ? ಆಮೇಲೆ ಕೇಳಬೇಕೆಂದುಕೊಂಡಿದ್ದೆ, ಕೇಳಲಾಗಿಲ್ಲ. ಅಮ್ಮಿಯ ಮೇಲೆ ಅವರು ಸಿಟ್ಟಾದಂತೆ ಕಾಣಲಿಲ್ಲ ಎಂದಷ್ಟೇ ಬರೆಯಬಲ್ಲೆ. ಬೇಲಿ ಹಾಕಿದವರೆಲ್ಲ ಮಾಡುವುದು ಇದನ್ನೇ. ಇನ್ನೊಂದು ಸ್ವಲ್ಪ ದಿನ, ಇನ್ನೊಂದು ಸ್ವಲ್ಪ ಎತ್ತರ. ಪ್ರೀತಿಯಿಂದಲೇ.

ನಾಲ್ಕನೆಯ ಕೋಠಿ ಮುಂದಿನ ಬಾಜಾರಿಗೆ ಹೋಯಿತು. ಅವತ್ತು ನಾನಿರಲಿಲ್ಲ, ಅವಳು ಹೇಳಿದ್ದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿಯೇ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳ ರಾಶಿ, ಬೆಲೆ ಇದಕ್ಕಿಂತ ಎಷ್ಟೋ ಕಡಿಮೆ. ಬಂದವರು ಅಲ್ಲಿಗೆ ಹೋಗುತ್ತಿದ್ದರು. ಒಬ್ಬ ಹೆಂಗಸು ಮಾತ್ರ ಇವಳ ಮುಂದೆ ನಿಂತು, ಕುಕ್ಕರಗಾಲಿನಲ್ಲಿ ಕೂತು, ಕೆಳಗಿನ ಬಾಯಿಯ ತಡೆ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು.

"ಇದನ್ನ ತಗಿಯಾಕ ನನ್ನ ಗಂಡನ್ನ ಕರೀಬೇಕೇನ ತಂಗಿ? ಅಂವ ಹೊಲದಾಗ ಇರ್ತಾನ. ಬ್ಯಾಳಿ ಹೊಯ್ಯೋ ಹೊತ್ತಿಗಿ ಅವನ್ನ ಎಲ್ಲಿಂದ ತರ್ಲಿ?"

ಅಷ್ಟು ಹೇಳಿ ಎದ್ದು ಹೋದಳು. ಸಂಜೆ ಕೋಠಿ ಆಟೋದಲ್ಲಿ ವಾಪಸು ಬಂತು. ಓಣಿಯವರೆಲ್ಲ ಕಟ್ಟೆಗಳ ಮೇಲೆ ಇದ್ದರು. ಅಷ್ಟೆತ್ತರದ ವಸ್ತುವನ್ನು ಮುಚ್ಚಿಕೊಂಡು ತರುವುದು ಹೇಗೆ? ಮೊಬೈಲ್ ಕವರಿನವನು ಅವತ್ತೇ ಬಂದಿದ್ದ. "ಇರ್ಲಿ ಬಿಡ್ರಿ ಚಾಚಾ, ನನ್ನ ಸ್ಟಾಕ್ ಇದರಾಗ ಇಡ್ತೀನಿ" ಎಂದ.

ಅವಳು ಆಟೋದಿಂದಿಳಿದು ನೇರ ನಮ್ಮ ಮನೆಗೆ ಬಂದಳು. ಅಡುಗೆಮನೆಗೆ ಹೋದಳು. ನನ್ನ ಕೋಠಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಡೆ ಎಳೆದಳು. ಪಕ್ಕದಲ್ಲಿದ್ದ ಲಟ್ಟಣಿಗೆಯನ್ನು ಎತ್ತಿ ನೋಡಿದಳು. ಅದರ ತುದಿ ಚಪ್ಪಟೆಯಾಗಿತ್ತು.

"ಮೇಡಂ, ಚೊಲೋ ಅದ ಅಂದಿದ್ರಿ."

ಅವಳು ಆಗಲೇ ತಡೆಯ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ನಮ್ಮ ಮನೆ, ಅವಳ ಮನೆ, ಚಿಕ್ಕಮ್ಮನ ಮನೆ, ಮೂರೂ ಕಡೆ ಮೂವರು ಹೆಂಗಸರು ಕಲ್ಲಿನಿಂದಲೋ ಲಟ್ಟಣಿಗೆಯಿಂದಲೋ ಬಡಿದುಕೊಂಡು ಸುಮ್ಮನಿದ್ದೆವು. ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬಳು ಒಂದೇ ಮಾತಿನಲ್ಲಿ ಹೇಳಿ ಹೋಗಿದ್ದಳು. ಹೊರಗಿನ ಮಾರುಕಟ್ಟೆ ಕಲಿಸುತ್ತದೆ ಎಂದು ಎಷ್ಟು ಬ್ಯಾಚುಗಳಿಗೆ ಓದಿ ಹೇಳಿದ್ದೇನೆ. ಕಲಿಸುವುದೆಂದರೆ ಹೀಗೆ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಸಮುದ್ರದಾಚೆ ಯಾವ ಊರಿನಲ್ಲಿ, ಯಾವ ಕಾರ್ಖಾನೆಯ ಮೂಲೆಯಲ್ಲಿ, ವಾಪಸು ಬಂದ ಸರಕಿನ ಮುಂದೆ ಎಷ್ಟು ಜನ ಹೀಗೆ ಕುಕ್ಕರಗಾಲಿನಲ್ಲಿ ಕೂತಿರಬಹುದು? ಹಡಗುಗಳು ಎದ್ದದ್ದು ಅಲ್ಲಿಂದ.

ಅವಳು ತಡೆಯನ್ನು ಹೊಸದಾಗಿ ಮಾಡಿದಳು. ಎರಡೂ ಅಂಚು ಮಡಿಸಿ, ಎಳೆಯಲು ಬೆರಳು ತೂರುವಂಥ ಒಂದು ಕಿವಿ ಇಟ್ಟಳು. ಉಸ್ತಾದರು ನೋಡುತ್ತ ಕೂತಿದ್ದರು. ನಾಲ್ಕನೆಯದನ್ನು ಬಿಚ್ಚಿ ಮಾಡಿದ್ದು ಐದನೆಯದು. ಅಷ್ಟು ಹೊತ್ತಿಗೆ ಘಾಟಬೋರಾಳದ ಕಡೆಯೂ ಮಂಠಾಳದ ಕಡೆಯೂ ರಾಶಿ ಮುಗಿಯುತ್ತ ಬಂದಿತ್ತು. ಉಳಿದಿದ್ದು ಒಂದೇ ಬಾಜಾರು.

ಅವತ್ತು ಪಾಠ ಮುಗಿಸಿ ನಾನೂ ಹೋದೆ. ನನ್ನನ್ನು ಕಂಡ ಕೂಡಲೇ ಅವಳು ಹೇಳಿದಳು: "ಮೇಡಂ, ನೀವು ಅಲ್ಲಿ ಬಳೆ ಅಂಗಡಿ ಹತ್ರ ನಿಂದ್ರಿ. ಇಲ್ಲಿ ಬರಬ್ಯಾಡ್ರಿ."

ಬಳೆ ಅಂಗಡಿಯ ಬಳಿ ನಿಂತೆ. ಬಳೆಯವಳು ನನಗೆ ಒಂದಾದ ಮೇಲೊಂದು ಬಳೆ ತೋರಿಸಿದಳು. ಕಡೆಗೆ ಬೇಸತ್ತು ಬಿಟ್ಟಳು. ಹೊತ್ತು ಇಳಿಯುತ್ತ ಬಂತು. ನೀಲಿ ಡ್ರಮ್ಮುಗಳು ಹೋಗುತ್ತಲೇ ಇದ್ದವು. ಒಂದು ಕ್ಷಣ ನನ್ನ ಕೈ ಪರ್ಸಿನ ಮೇಲೆ ಹೋಯಿತು. ಬಳೆಯವಳ ಕೈಯಲ್ಲಿ ಕೊಟ್ಟು ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ? ಅಮ್ಮಿಯ ಮನಸ್ಸು ನನಗೆ ಪೂರ್ತಿ ಅರ್ಥವಾದದ್ದು ಆಗಲೇ. ಕೈ ತೆಗೆದೆ.

ಬಾಜಾರು ಮುಗಿಯುವ ಹೊತ್ತಿಗೆ ನಡುವಯಸ್ಸಿನ ಗಂಡಹೆಂಡತಿ ಬಂದರು. ಗಂಡ ಡ್ರಮ್ಮಿನ ಕಡೆ ಹೊರಟಿದ್ದ.

"ಹ್ವಾದ ವರ್ಷದ ಡ್ರಮ್ಮಿಗಿ ಇಲಿ ಬಿದ್ದು ಏನಾತು? ಮರತ್ಯಾ?" ಎಂದು ಹೆಂಡತಿ ಅವನನ್ನು ನಿಲ್ಲಿಸಿ, ಕೋಠಿಯನ್ನು ಬೆರಳ ಗೆಣ್ಣಿನಿಂದ ಬಡಿದಳು. ಮೇಲೆ ಬಡಿದಳು, ಕೆಳಗೆ ಬಡಿದಳು. ಕೂತು, ಕಿವಿಗೆ ಬೆರಳು ಹಾಕಿ ತಡೆ ಎಳೆದಳು. ಸರಿಯಿತು. ಬಿಟ್ಟಳು. ಬಿತ್ತು. ಮತ್ತೆ ಎಳೆದು ನೋಡಿದಳು. ಉಸ್ತಾದರ ಮಗಳು ಉಸಿರಾಡುತ್ತಿದ್ದಳೋ ಇಲ್ಲವೋ ಅಷ್ಟು ದೂರದಿಂದ ನನಗೆ ತಿಳಿಯಲಿಲ್ಲ.

"ಮುಚ್ಚಳ ಸೊಟ್ಟ ಅದ" ಎಂದಳು ಆ ಹೆಂಗಸು.

"ಸೊಟ್ಟ ಇಲ್ರಿ, ನೀವು ತಿರುವಿ ಇಟ್ಟೀರಿ."

"ಮಾರಾಕ ಬಂದೀ, ಬಾಯಿ ಭಾಳ ಮಾಡ್ತಿ. ಕಡಿಮಿ ಮಾಡು."

ಅರ್ಧ ತಾಸು ಜಗಳವಾಯಿತು. ಮಾಡಿದವರು ಯಾರು ಎಂದು ಆ ಹೆಂಗಸು ಕೇಳಲಿಲ್ಲ. ಹುಡುಗಿ ತಗಡಿನ ಕೆಲಸ ಮಾಡುತ್ತಾಳೆಯೇ ಎಂದು ಬೆರಗಾಗಲಿಲ್ಲ. ಅವಳ ಮುಖವನ್ನು ಸರಿಯಾಗಿ ನೋಡಿದಳೋ ಇಲ್ಲವೋ. ಹಣ ಕೊಟ್ಟು, ಕೋಠಿಯನ್ನು ಒಂದು ಟೆಂಪೋಗೆ ಏರಿಸಿದರು. ಅದು ಜನರ ನಡುವೆ ಹಾರ್ನ್ ಹಾಕುತ್ತ ಹೋಗಿ ತಿರುವಿನಲ್ಲಿ ಕಾಣದಾಯಿತು. ಆಳೆತ್ತರದ ಆ ಹೊಳಪು ಹಾಗೆ ಯಾವುದೋ ಊರಿಗೆ ಹೊರಟುಹೋಯಿತು. ಒಟ್ಟು ದೇಶೀಯ ಉತ್ಪನ್ನ ಎಂದು ನಾನು ಹಲಗೆಯ ಮೇಲೆ ಬರೆಯುವ ಆ ಉದ್ದನೆಯ ಪದದೊಳಗೆ ಇಂಥವು ಎಷ್ಟು ಇವೆಯೋ.

ಸಂಜೆ ಉಸ್ತಾದರು ಅಂಗಡಿಯ ಬಾಗಿಲಲ್ಲಿ ಕೂತಿದ್ದರು. ಖಾಲಿ ಆಟೋ ನೋಡಿ ಏಳಲಿಲ್ಲ.

"ಯಾರು ಒಯ್ದರು?"

"ಗೊತ್ತಿಲ್ಲ ಅಬ್ಬಾ."

"ಯಾವೂರು?"

"ಕೇಳಲಿಲ್ಲ."

"ನೀ ಯಾರು ಅಂತ ಕೇಳಿದ್ರೇನು?"

"ಇಲ್ಲ. ಬಾಯಿ ಭಾಳ ಮಾಡ್ತಿ ಅಂದ್ರು."

ಉಸ್ತಾದರು ಒಳಗೆ ತಿರುಗಿ, ಬಾಗಿಲ ಹಿಂದೆ ನಿಂತಿದ್ದ ಅಮ್ಮಿಗೆ ಹೇಳಿದರು. "ಕೇಳಿದ್ಯಾ? ಬೈದು ಕೊಂಡಾರ. ಹಂಗಾರ ಮಾರ್ಯಾಳ."

ಸುತ್ತಿಗೆಯನ್ನು ಆಗಲೇ ಗೂಟದಿಂದಿಳಿಸಿ ಕೊಟ್ಟರು ಎಂದು ನನ್ನ ದಿನಚರಿಯಲ್ಲಿದೆ. ಅಲ್ಲ, ಮರುದಿನ ಬೆಳಗಿನ ನಮಾಜಿನ ನಂತರ ಕೊಟ್ಟರು ಎಂದು ಅವಳು ಹೇಳುತ್ತಾಳೆ. ಅವಳದೇ ಸರಿಯಿರಬೇಕು. ನಾನು ತಿದ್ದಿಲ್ಲ.

ಈಗ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅವಳು ಅಂಗಡಿಯಲ್ಲಿರುತ್ತಾಳೆ. ಪರೀಕ್ಷೆ ಹತ್ತಿರವಿದೆ, ಓದು ಎಂದರೆ ತಗಡಿನ ಮೇಲಿಂದ ತಲೆಯೆತ್ತದೆ "ಬರ್ತೀನ್ರಿ, ನೀವು ನಡೀರಿ" ಎನ್ನುತ್ತಾಳೆ. ನನ್ನ ಕೋಠಿಯ ತಡೆಯನ್ನು ಬದಲಿಸಿ ಕೊಟ್ಟಿದ್ದಾಳೆ. ಮೊನ್ನೆ ಬೇಳೆ ತೆಗೆಯುವಾಗ ಬೆರಳು ತೂರಿಸಿ ಎಳೆದೆ. ಎಷ್ಟು ಹಗುರವಾಗಿ ಸರಿಯಿತೆಂದರೆ, ಲಟ್ಟಣಿಗೆ ಹಿಡಿದಿದ್ದ ನನ್ನ ಇನ್ನೊಂದು ಕೈ ಹಾಗೆಯೇ ಮೇಲೆ ನಿಂತಿತ್ತು.